ಅಂಬಿಗ ಗದರುವುದು ಯಾಕೆ?

ಮಂಗಳೂರಿನ ಹಳೇ ಬಂದರಿನಲ್ಲಿ ನಿಂತರೆ ಫಲ್ಗುಣಿ ನದಿಯ ಆಚೆ ದಡದಲ್ಲಿ ಬೆಂಗ್ರೆ ಕಾಣುತ್ತದೆ. ಒಂದು ಮಗ್ಗುಲಲ್ಲಿ ನದಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ನಡುವೆ ಉದ್ದಕ್ಕೆ ಚಾಚಿದ ಮರಳಿನ ನೆಲ. ರಸ್ತೆಯಲ್ಲಿ ಹೋದರೆ ಊರೆಲ್ಲ ಸುತ್ತಿ ಬರಬೇಕು. ದೋಣಿಯಲ್ಲಾದರೆ ಹತ್ತಿದ್ದೂ ಗೊತ್ತಾಗುವುದಿಲ್ಲ, ಇಳಿದದ್ದೂ ಗೊತ್ತಾಗುವುದಿಲ್ಲ. ಅಷ್ಟು ಹೊತ್ತಿನಲ್ಲೇ ದೋಣಿಯವರ ಬಾಯಿಂದ ಮೂರು ಮಾತು ಬಂದಿರುತ್ತವೆ: “ಎದ್ದು ನಿಲ್ಲಬೇಡಿ ಮಾರಾಯ್ರೆ!”, “ಎಲ್ಲರೂ ಒಂದೇ ಬದಿಗೆ ಬರಬೇಡಿ!”, “ಸಾಕು ಸಾಕು, ಉಳಿದವರು ಮುಂದಿನ ಟ್ರಿಪ್ಪಿಗೆ!”

ಮಕ್ಕಳೇ, ದೊಡ್ಡವರು ಗದರಿದ್ದಕ್ಕೆಲ್ಲ ಕಾರಣ ಇರುತ್ತದೆ ಎಂದು ನಾನು ಹೇಳಲಾರೆ. ಆದರೆ ಈ ಮೂರಕ್ಕೂ ಇದೆ. ಬೇಕಾದರೆ ಒಂದು ಬಕೆಟ್ ನೀರಿನಲ್ಲಿ ನೀವೇ ಪರೀಕ್ಷೆ ಮಾಡಿ ನೋಡಬಹುದು.

ಅಡುಗೆಮನೆಯಿಂದ ಚಪ್ಪಟೆ ತಳದ ಒಂದು ಸ್ಟೀಲ್ ಬಟ್ಟಲು ಮತ್ತು ಒಂದು ಉದ್ದ ಲೋಟ ತನ್ನಿ (ಕೇಳಿ ತನ್ನಿ). ಲೋಟದ ತುಂಬ ಮರಳು ತುಂಬಿ ಬಟ್ಟಲಿನ ನಡುವೆ ನಿಲ್ಲಿಸಿ, ಬಟ್ಟಲನ್ನು ನೀರಿನಲ್ಲಿ ತೇಲಿಬಿಡಿ. ಈಗ ಅಂಚನ್ನು ಬೆರಳಿಂದ ಮೆಲ್ಲಗೆ ಒತ್ತಿ. ಬಟ್ಟಲು ಒಂದು ಸಲ ಓಲಾಡಿ ದಬಕ್ಕನೆ ಮಗುಚಿಕೊಳ್ಳುವ ಸಂಭವವೇ ಹೆಚ್ಚು. ಅಷ್ಟೇ ಮರಳನ್ನು ಲೋಟವಿಲ್ಲದೆ ಬಟ್ಟಲಿನ ತಳದಲ್ಲಿ ಹರಡಿ, ಮತ್ತೆ ಒತ್ತಿ ನೋಡಿ. ಬಟ್ಟಲು ವಾಲುತ್ತದೆ, ಮತ್ತೆ ಎದ್ದು ನೆಟ್ಟಗಾಗುತ್ತದೆ. ತೂಕ ಅದೇ, ಬಟ್ಟಲು ಅದೇ. ಬದಲಾದದ್ದು ತೂಕ ಕುಳಿತ ಎತ್ತರ ಮಾತ್ರ.

ನಡೆದದ್ದು ಇಷ್ಟು. ನೀರಿನಲ್ಲಿ ಮುಳುಗಿದ ವಸ್ತು ಎಷ್ಟು ನೀರನ್ನು ಆಚೆಗೆ ತಳ್ಳುತ್ತದೋ ಅಷ್ಟು ನೀರಿನ ತೂಕದ ಬಲದಿಂದ ನೀರು ಅದನ್ನು ಮೇಲಕ್ಕೆ ಎತ್ತುತ್ತದೆ. ಸುಮಾರು 2,200 ವರ್ಷಗಳ ಹಿಂದೆ ಗ್ರೀಕ್ ಪಂಡಿತ ಆರ್ಕಿಮಿಡೀಸ್ ಕಂಡುಕೊಂಡ ನಿಯಮ ಇದು. ದೋಣಿ ಬಲಕ್ಕೆ ವಾಲಿದಾಗ ಅದರ ಬಲಬದಿ ಹೆಚ್ಚು ಮುಳುಗುತ್ತದೆ. ಹಾಗಾಗಿ ನೀರಿನ ಎತ್ತುವ ಬಲವೂ ಬಲಕ್ಕೆ ಸರಿದು, ವಾಲಿದ ಬದಿಯನ್ನೇ ಮೇಲಕ್ಕೆ ನೂಕುತ್ತದೆ. ಅಂದರೆ ದೋಣಿಯನ್ನು ನೆಟ್ಟಗೆ ನಿಲ್ಲಿಸುವುದು ನೀರೇ. ಆದರೆ ದೋಣಿಯೊಳಗಿನ ತೂಕವೂ ವಾಲಿದ ಕಡೆಗೇ ಜರುಗುತ್ತದಲ್ಲ? ತೂಕ ಕೆಳಗಿದ್ದರೆ ಜರುಗುವುದು ಸ್ವಲ್ಪ, ಆಗ ನೀರಿನದೇ ಮೇಲುಗೈ. ತೂಕ ಎತ್ತರದಲ್ಲಿದ್ದರೆ ಜರುಗುವುದು ಬಹಳ, ಆಗ ನೀರು ಸೋಲುತ್ತದೆ. ನೀವು ಕೂತಿದ್ದಾಗ ನಿಮ್ಮ ತೂಕ ದೋಣಿಯ ತಳಕ್ಕೆ ಹತ್ತಿರ. ಎದ್ದು ನಿಂತ ಕ್ಷಣ ಅದು ಒಂದೆರಡು ಅಡಿ ಮೇಲೇರುತ್ತದೆ. ಒಬ್ಬರು ಎದ್ದರೆ ದೋಣಿ ತಡೆದುಕೊಂಡೀತು. ಡಾಲ್ಫಿನ್ ಕಂಡಿತೆಂದು ಎಲ್ಲರೂ ಎದ್ದು ಒಂದೇ ಬದಿಗೆ ನುಗ್ಗಿದರೆ ಅಂಬಿಗನ ಮೊದಲ ಎರಡು ಮಾತೂ ಒಟ್ಟಿಗೆ ಮುರಿದ ಹಾಗಾಯಿತು.

ಬಕೆಟ್ ಇನ್ನೂ ಎತ್ತಿಡಬೇಡಿ. ಈಗ ಬಟ್ಟಲಿನ ಮರಳನ್ನು ತೆಗೆದು ಕಾಲುಭಾಗ ನೀರು ತುಂಬಿ ತೇಲಿಸಿ, ಅಂಚನ್ನು ಒತ್ತಿ. ಒಳಗಿನ ನೀರೆಲ್ಲ ತಗ್ಗಾದ ಕಡೆಗೇ ಓಡುತ್ತದೆ, ಆ ಕಡೆಯನ್ನು ಇನ್ನಷ್ಟು ತಗ್ಗಿಸುತ್ತದೆ. ಮರಳು ಕೂತಲ್ಲೇ ಕೂತಿತ್ತು, ನೀರು ಕೂರುವುದಿಲ್ಲ. ದೋಣಿಯ ತಳದಲ್ಲಿ ಪಾದ ಮುಳುಗುವಷ್ಟು ನೀರು ನಿಂತರೂ ದೋಣಿಯವರು ಡಬ್ಬಿ ಹಿಡಿದು ಎತ್ತಿಹಾಕುತ್ತಲೇ ಇರುವುದು ಇದಕ್ಕೇ. ದೊಡ್ಡ ದೊಡ್ಡ ಹಡಗುಗಳನ್ನೂ ಮಗುಚಿಸಿದ ಕಾರಣ ಇದು.

ಇನ್ನು ಮೂರನೆಯ ಮಾತು, “ಸಾಕು ಸಾಕು.” ಇದಕ್ಕೆ ಬಕೆಟ್ ಬೇಡ, ಪೆನ್ಸಿಲ್ ಸಾಕು. ನೀರಿನ ಮಟ್ಟದಲ್ಲಿ ಆವರಿಸುವ ಜಾಗದ ವಿಸ್ತೀರ್ಣ 6 ಚದರ ಮೀಟರ್ ಇರುವ ಒಂದು ಸಣ್ಣ ದೋಣಿ ಇದೆ ಎಂದುಕೊಳ್ಳಿ. 60 ಕಿಲೋ ತೂಕದ ಒಬ್ಬರು ಹತ್ತಿದರೆ ದೋಣಿ ಇನ್ನೂ 60 ಲೀಟರ್ ನೀರನ್ನು ಆಚೆಗೆ ತಳ್ಳಬೇಕು. 60 ಲೀಟರನ್ನು 6 ಚದರ ಮೀಟರಿಗೆ ಹಂಚಿದರೆ ಸರಿಯಾಗಿ 1 ಸೆಂಟಿಮೀಟರ್. ಅಂದರೆ ತಲೆಗೆ ಒಂದು ಸೆಂಟಿಮೀಟರಿನಂತೆ ದೋಣಿ ಕೆಳಗಿಳಿಯುತ್ತದೆ! ಹತ್ತು ಜನರಿಗೆ 10, ಇಪ್ಪತ್ತು ಜನರಿಗೆ 20. ಖಾಲಿ ದೋಣಿಯ ಅಂಚು ನೀರಿನಿಂದ 40 ಸೆಂಟಿಮೀಟರ್ ಮೇಲಿದ್ದರೆ, ಇಪ್ಪತ್ತು ಜನ ಕೂತ ಮೇಲೆ ಉಳಿಯುವುದು 20. ಪಕ್ಕದಲ್ಲಿ ಒಂದು ಯಂತ್ರದೋಣಿ ಜೋರಾಗಿ ಹೋದರೆ ಸಾಕು, ಅದರ ಅಲೆ ಅಷ್ಟಕ್ಕೆ ಬಂದುಬಿಡುತ್ತದೆ. ದಡದಲ್ಲಿ ನಿಂತವರಿಗೆ “ಇನ್ನೊಬ್ಬರಿಗೆ ಜಾಗ ಇದೆಯಲ್ಲ” ಎನಿಸುತ್ತದೆ. ಅವರು ನೋಡುವುದು ಹಲಗೆಯ ಮೇಲಿನ ಜಾಗ. ಅಂಬಿಗ ನೋಡುವುದು ಅಂಚಿಗೂ ನೀರಿಗೂ ನಡುವಿನ ಜಾಗ.

ದೊಡ್ಡ ಹಡಗುಗಳ ಮೈಮೇಲೆ ಇದಕ್ಕೆಂದೇ ಗೆರೆ ಇರುತ್ತದೆ. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಬ್ರಿಟಿಷ್ ಸಂಸದ ಹಟ ಹಿಡಿದು ಹೋರಾಡಿದ್ದರಿಂದ 1876ರಲ್ಲಿ ಅಲ್ಲಿ ಗೆರೆ ಕಡ್ಡಾಯವಾಯಿತು. ತಮಾಷೆಯೆಂದರೆ, ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಆ ಕಾನೂನು ಹಡಗಿನ ಮಾಲೀಕರಿಗೇ ಬಿಟ್ಟಿತ್ತು! ಆ ತಪ್ಪು ಸರಿಹೋದದ್ದು 1890ರಲ್ಲಿ. ಈಗಿನ ಹಡಗುಗಳಲ್ಲಿ ಸಿಹಿನೀರಿಗೆ ಬೇರೆ ಗೆರೆ, ಉಪ್ಪುನೀರಿಗೆ ಬೇರೆ ಗೆರೆ. ಸಾವಿರ ಲೀಟರ್ ಸಿಹಿನೀರು 1,000 ಕಿಲೋ ತೂಗಿದರೆ, ಅಷ್ಟೇ ಸಮುದ್ರದ ನೀರು ಸುಮಾರು 1,025 ಕಿಲೋ ತೂಗುತ್ತದೆ. ಹಾಗಾಗಿ ಸಮುದ್ರದಲ್ಲಿ ಹಾಯಾಗಿ ತೇಲುತ್ತಿದ್ದ ಹಡಗು ನದಿಯೊಳಗೆ ಬಂದರೆ ಸ್ವಲ್ಪ ತಗ್ಗುತ್ತದೆ.

ಲೈಫ್ ಜಾಕೆಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಮೈಯ ಸಾಂದ್ರತೆ ನೀರಿನದಕ್ಕೆ ತೀರ ಹತ್ತಿರ. ಅದಕ್ಕೇ ದೊಡ್ಡವರೊಬ್ಬರ ಮುಖವನ್ನು ನೀರಿನ ಮೇಲೆ ಹಿಡಿದಿಡಲು ನಾಲ್ಕೈದು ಕಿಲೋ ಎತ್ತುವ ಬಲ ಹೆಚ್ಚಿಗೆ ಸಿಕ್ಕರೂ ಸಾಕು. ಜಾಕೆಟ್ಟಿನ ಹಗುರವಾದ ಫೋಮ್ ಅದನ್ನು ಕೊಡುತ್ತದೆ. ಆದರೆ ಪಟ್ಟಿ ಬಿಗಿಯದಿದ್ದರೆ ಜಾಕೆಟ್ ಮೇಲಕ್ಕೆ ತೇಲುತ್ತದೆ, ನೀವು ಅದರಿಂದ ಕೆಳಕ್ಕೆ ಜಾರುತ್ತೀರಿ. ಹೆಗಲ ಮೇಲೆ ಸುಮ್ಮನೆ ನೇತುಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರಿಗೆ ಇದು ತಿಳಿದಿರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ತೇಲುವ ಮಾತು. ದಾರಿ ಹುಡುಕುವುದು ಬೇರೆಯೇ ವಿದ್ಯೆ. ಬೆಂಗ್ರೆಯ ದಕ್ಷಿಣ ತುದಿಯ ಹತ್ತಿರ ಫಲ್ಗುಣಿಯೂ ನೇತ್ರಾವತಿಯೂ ಸೇರಿ ಸಮುದ್ರಕ್ಕೆ ಬೀಳುತ್ತವೆ. ಆ ಜಾಗಕ್ಕೆ ಅಳಿವೆ ಬಾಗಿಲು ಎನ್ನುತ್ತಾರೆ. ಕರಾವಳಿಯ ಮೀನುಗಾರರು ನಡುಸಮುದ್ರಕ್ಕಿಂತ ಈ ಬಾಗಿಲಿಗೇ ಹೆಚ್ಚು ಹೆದರುತ್ತಾರೆ. ನದಿ ಘಟ್ಟದಿಂದ ಮರಳು ಹೊತ್ತು ತರುತ್ತದೆ, ಸಮುದ್ರ ಸಿಕ್ಕಿದ ಕೂಡಲೇ ಅದರ ಓಟ ತಗ್ಗುತ್ತದೆ, ಹೊತ್ತ ಮರಳನ್ನು ಅಲ್ಲೇ ಇಳಿಸುತ್ತದೆ. ಅಲೆಗಳೂ ತಮ್ಮ ಪಾಲಿನ ಮರಳನ್ನು ತಂದು ಹಾಕುತ್ತವೆ. ಹೀಗೆ ನೀರಿನಡಿ ಮರಳ ದಿಬ್ಬ ಏಳುತ್ತದೆ. ಹೊರಗಿನಿಂದ ಬರುವ ಅಲೆಗೆ ಇಲ್ಲಿ ತಳ ಸಿಗುತ್ತದೆ. ಅಲೆ ನಿಧಾನವಾಗುತ್ತದೆ, ಹಿಂದಿನ ಅಲೆ ಬಂದು ಹತ್ತಿರವಾಗುತ್ತದೆ, ಎರಡೂ ಎತ್ತರವಾಗುತ್ತವೆ. ಅಲೆಯ ಎತ್ತರ ಅಲ್ಲಿಯ ಆಳದ ಮುಕ್ಕಾಲು ಪಾಲಿನಷ್ಟಾದಾಗ ಅದು ಒಡೆದು ಬೀಳುತ್ತದೆ. ದಿಬ್ಬದ ಮೇಲೆ ಬಿಳಿ ನೊರೆ ಕಾಣುವುದು ಹೀಗೆ. ತಳ ಕಾಣದಿದ್ದರೂ ನೊರೆ ನೋಡಿಯೇ ಆಳ ಹೇಳುವವರಿದ್ದಾರೆ.

ಇದರ ಮೇಲೆ ಉಬ್ಬರ-ಇಳಿತದ ಆಟ ಬೇರೆ. ಮಂಗಳೂರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಸಮುದ್ರ ಸುಮಾರು ಒಂದೂವರೆ ಮೀಟರ್ ಏರಿ ಇಳಿಯುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಇದೇ 10 ಮೀಟರಿನ ಆಸುಪಾಸು. ಇಳಿತ ಶುರುವಾದರೆ ನದಿಯ ನೀರೂ ಸಮುದ್ರದ ನೀರೂ ಒಟ್ಟಾಗಿ ಹೊರಗೆ ಓಡುತ್ತವೆ, ಅಲೆಗಳು ಒಳಗೆ ಬರುತ್ತವೆ. ಎದುರು ಹರಿವಿಗೆ ಸಿಕ್ಕ ಅಲೆ ಕುಗ್ಗಿ ಕಡಿದಾಗುತ್ತದೆ, ಗೋಡೆಯಂತೆ ಎದ್ದು ನಿಲ್ಲುತ್ತದೆ. ದೋಣಿ ಸ್ವಲ್ಪ ಅಡ್ಡ ತಿರುಗಿದರೂ ಕೆಲಸ ಕೆಟ್ಟಿತು. ಅದಕ್ಕೇ ತಿಳಿದವರು ಉಬ್ಬರ ತುಂಬುವವರೆಗೆ ಕಾಯುತ್ತಾರೆ. ದಿಬ್ಬದ ಮೇಲೆ ಆಗ ಒಂದೂವರೆ ಮೀಟರ್ ಹೆಚ್ಚು ನೀರು, ಹರಿವೂ ತಣ್ಣಗೆ. ಇಂದು ಬೆಳಗ್ಗೆ 10ಕ್ಕೆ ಉಬ್ಬರ ತುಂಬಿದರೆ ನಾಳೆ ಸುಮಾರು 10.50ಕ್ಕೆ. ಚಂದ್ರ ದಿನಕ್ಕೆ ಅಷ್ಟೇ ತಡವಾಗಿ ಮೂಡುತ್ತಾನಲ್ಲ! ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ಮೀನು ಹಿಡಿಯುವ ಹಾಗಿಲ್ಲ. ಅದು ಮೀನುಗಳು ಮರಿಮಾಡುವ ಕಾಲ ಎಂಬುದು ಮುಖ್ಯ ಕಾರಣ. ಮಳೆಗಾಲದ ಅಳಿವೆಯನ್ನು ಕಂಡವರಿಗೆ ಇನ್ನೊಂದು ಕಾರಣವೂ ಹೊಳೆಯುತ್ತದೆ.

ಕಿರಿದಾದ ಕಾಲುವೆಯಲ್ಲಿ ನಟ್ಟನಡುವೆ ಸಾಗಲು ಒಂದು ಜಾಣ ಉಪಾಯವಿದೆ. ದಡದ ಮೇಲೆ ಒಂದರ ಹಿಂದೆ ಒಂದು ಎರಡು ಗುರುತು, ಹಿಂದಿನದು ಸ್ವಲ್ಪ ಎತ್ತರ. ಎರಡೂ ಒಂದೇ ಸಾಲಿನಲ್ಲಿ ಕಂಡರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಮುಂದಿನ ಗುರುತು ಬಲಕ್ಕೆ ಸರಿದಂತೆ ಕಂಡರೆ ದೋಣಿ ಎಡಕ್ಕೆ ತೇಲಿದೆ ಎಂದರ್ಥ, ಚುಕ್ಕಾಣಿ ಹಿಡಿದವರು ದೋಣಿಯನ್ನು ಬಲಕ್ಕೆ ತಿರುಗಿಸಬೇಕು. ಮನೆಯ ಕಿಟಕಿಯ ಸರಳನ್ನೂ ಹೊರಗಿನ ಕರೆಂಟು ಕಂಬವನ್ನೂ ಒಂದೇ ಸಾಲಿಗೆ ತಂದು, ನೀವು ಒಂದು ಹೆಜ್ಜೆ ಎಡಕ್ಕೆ ಸರಿದು ನೋಡಿ. ಒಡನೆ ತಿಳಿಯುತ್ತದೆ.

ಎದುರಿನಿಂದ ಇನ್ನೊಂದು ದೋಣಿ ಬಂದರೆ? ರಸ್ತೆಯಲ್ಲಿ ನಾವು ಎಡಕ್ಕೆ ಸರಿಯುತ್ತೇವೆ. ನೀರಿನಲ್ಲಿ ಇಬ್ಬರೂ ಬಲಕ್ಕೆ ಸರಿಯಬೇಕು. ಇದು ಲೋಕಕ್ಕೆಲ್ಲ ಒಂದೇ ನಿಯಮ. ರಾತ್ರಿಯಾದರೆ ದೀಪಗಳು ಮಾತಾಡುತ್ತವೆ. ದೋಣಿಯ ಎಡಬದಿಗೆ ಕೆಂಪು, ಬಲಬದಿಗೆ ಹಸಿರು, ಹಿಂದೆ ಬಿಳಿ. ಕತ್ತಲಲ್ಲಿ ಕೆಂಪು, ಹಸಿರು ಎರಡೂ ಕಂಡರೆ ದೋಣಿ ನೇರ ನಿಮ್ಮತ್ತಲೇ ಬರುತ್ತಿದೆ. ನಿಮ್ಮ ಬಲಗಡೆಯಿಂದ ಒಂದು ಯಂತ್ರದೋಣಿ ಅಡ್ಡ ಬಂದರೆ ನಿಮಗೆ ಕಾಣುವುದು ಅದರ ಎಡಬದಿ, ಅಂದರೆ ಕೆಂಪು. ಆಗ ದಾರಿ ಬಿಡಬೇಕಾದವರು ನೀವು. ಎಡಗಡೆಯಿಂದ ಬಂದರೆ ಕಾಣುವುದು ಹಸಿರು, ಆಗ ದಾರಿ ಬಿಡಬೇಕಾದದ್ದು ಅದು. ನಿಯಮದ ಪುಸ್ತಕ ಮರೆತರೂ ಕೆಂಪಿಗೆ ತಡೆ, ಹಸಿರಿಗೆ ನಡೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ!

ಮಂಜು ಮುಸುಕಿ ಏನೂ ಕಾಣದಿದ್ದಾಗ ಹಡಗುಗಳು ಕೂಗಿ ತಮ್ಮ ಇರವನ್ನು ತಿಳಿಸುತ್ತವೆ. ಒಂದನ್ನೊಂದು ನೋಡುತ್ತಿರುವಾಗಲೂ ಹಾರನ್ನಿಗೆ ಬೇರೆ ಅರ್ಥಗಳಿವೆ. ಒಂದು ಸಣ್ಣ ಕೂಗು ಹಾಕಿದರೆ “ನಾನು ಬಲಕ್ಕೆ ತಿರುಗುತ್ತಿದ್ದೇನೆ.” ಎರಡು ಹಾಕಿದರೆ “ಎಡಕ್ಕೆ.” ಮೂರು ಹಾಕಿದರೆ “ಎಂಜಿನ್ನನ್ನು ಹಿಂದಕ್ಕೆ ಓಡಿಸುತ್ತಿದ್ದೇನೆ.” ಬಡಬಡನೆ ಐದು ಸಲ ಕೂಗಿದರೆ “ನೀನು ಏನು ಮಾಡುತ್ತಿದ್ದೀಯೋ ನನಗೆ ಒಂದೂ ಅರ್ಥವಾಗುತ್ತಿಲ್ಲ!” ಬಂದರಿನ ಹತ್ತಿರ ಇರುವ ಮಕ್ಕಳು ಕಿವಿಗೊಟ್ಟು ಎಣಿಸಬಹುದು.