ಕಟ್ಟಿಗೆಯ ಕಾಯಕ, ಪರವಾನಗಿಯ ಮಿತಿ

(ಕೊಣ್ಣೂರಿನ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಕಾಯಕ ಮತ್ತು ನಿಸರ್ಗ ಎಂಬುದು ನನಗೆ ಕೊಟ್ಟ ವಿಷಯ. ಅದರೊಳಗೆ ಒಂದೇ ವಸ್ತುವನ್ನು ಹಿಡಿದುಕೊಂಡಿದ್ದೇನೆ: ಕಟ್ಟಿಗೆ. ನಮ್ಮ ಕೊಣ್ಣೂರು ಮಲಪ್ರಭೆ ದಂಡೆಯ ಎರೆ ಭೂಮಿಯ ಊರು. ನಮಗೆ ಕಾಡಿಲ್ಲ. ನಮ್ಮ ಮನೆಗಳ ಒಲೆ ಉರಿದದ್ದು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಜಾಲಿ ಮತ್ತು ಕುಳ್ಳಿನಿಂದ. ಆದರೆ ಜಾತ್ರೆ ಬಂದಾಗ, ಮದುವೆ ಬಂದಾಗ, ದಾಸೋಹಕ್ಕೆ ದೊಡ್ಡ ಒಲೆ ಹೂಡಿದಾಗ ಟ್ರ್ಯಾಕ್ಟರಿನಲ್ಲಿ ಕಟ್ಟಿಗೆ ಬಂದು ಬೀಳುತ್ತದೆ. ಅದನ್ನು ಎಲ್ಲಿ ಕಡಿದರು, ಯಾರು ಕಡಿದರು, ಯಾರನ್ನು ಕೇಳಿ ಕಡಿದರು? ಅಕ್ಕಿ ಎಲ್ಲಿಂದ ಬಂತೆಂದು ಕೇಳಿದ ಪರಂಪರೆ ನಮ್ಮದು. ಆ ಅಕ್ಕಿ ಬೇಯಿಸಿದ ಕಟ್ಟಿಗೆಯನ್ನು ಮಾತ್ರ ನಾವು ಕೇಳದೆ ಬಿಟ್ಟಿದ್ದೇವೆ.

ಕಟ್ಟಿಗೆ ಕಡಿದು ಮಾರುವುದೇ ಕಾಯಕವಾದ ಶರಣರೊಬ್ಬರು ಕಲ್ಯಾಣದಲ್ಲಿದ್ದರು. ಅವರು ಮೋಳಿಗೆ ಮಾರಯ್ಯನವರು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಮಡದಿ ಮಹಾದೇವಿಯೊಡನೆ ಬಂದವರು ಎಂದು ಪರಂಪರೆ ಹೇಳುತ್ತದೆ. ಅವರ ಬಡತನ ಕಂಡು ಬಸವಣ್ಣನವರು ಮನೆಯಲ್ಲಿ ಹೊನ್ನು ಇಟ್ಟು ಬಂದರಂತೆ, ಮಾರಯ್ಯನವರು ಅದನ್ನು ತಮ್ಮದೆನ್ನದೆ ಜಂಗಮರಿಗೆ ಕೊಟ್ಟುಬಿಟ್ಟರಂತೆ. ತಲೆಯ ಮೇಲೆ ಹೊತ್ತ ಹೊರೆಯಿಂದ ಬಂದದ್ದು ಮಾತ್ರ ತನ್ನದು ಎಂಬುದು ಅವರ ನಿಲುವು.

ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೇಕೆ ಎಂದು ಕೇಳಿ ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದ ತಾಯಿ ಅವರು. ಆ ಅಕ್ಕಿ ಕದ್ದದ್ದಲ್ಲ, ಕಾಯಕದಿಂದಲೇ ಬಂದದ್ದು. ಆದರೂ ಅಳತೆ ಮೀರಿತ್ತು.

ನಾನು ಶಿಕ್ಷಕನಾಗಿ ಕೆಲವು ವರ್ಷ ಉತ್ತರ ಕನ್ನಡದ ಕಾಡಂಚಿನಲ್ಲಿದ್ದೆ. ಅಲ್ಲಿ ಮನೆಬಳಕೆಗೆ ಪರವಾನಗಿ ಚೀಟಿ ಪಡೆದು ನಾನೇ ಕೊಡಲಿ ಹಿಡಿದು ಕಟ್ಟಿಗೆ ಮಾಡಿಕೊಂಡಿದ್ದೇನೆ. ಒಣಗಿದ್ದು, ಬಿದ್ದದ್ದು ಮಾತ್ರ. ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ, ಮಾರುವಂತಿಲ್ಲ. ಒಂದು ಹೊರೆ ಸೀಳಿ, ಕಟ್ಟಿ, ಹೊತ್ತು ತಂದ ಮೇಲೆ ಕಟ್ಟಿಗೆಯ ಬೆಲೆ ಹೆಗಲಿಗೆ ತಿಳಿಯುತ್ತದೆ. ಆಮೇಲೆ ಒಂದು ಚಕ್ಕೆಯನ್ನೂ ಸುಮ್ಮನೆ ಉರಿಸಲು ಮನಸ್ಸು ಬರುವುದಿಲ್ಲ. ಆ ಚೀಟಿಯನ್ನು ನೋಡಿದಾಗಲೆಲ್ಲ ನನಗೆ ಲಕ್ಕಮ್ಮನವರು ಕೇಳಿದ ಪ್ರಶ್ನೆಯೇ ಕಾಗದದ ಮೇಲೆ ಕಂಡಂತಾಗುತ್ತಿತ್ತು: ನಿನಗೆ ಎಷ್ಟು ಬೇಕು?

ಆದರೆ ಈ ಪ್ರಶ್ನೆಯನ್ನು ಯಾರು ಯಾರಿಗೆ ಕೇಳುತ್ತಾರೆ ಎಂಬುದನ್ನೂ ನೋಡಬೇಕು. 1878ರ ಅರಣ್ಯ ಕಾಯ್ದೆಯಿಂದ ಬ್ರಿಟಿಷ್ ಸರ್ಕಾರ ಕಾಡಿಗೆ ಗೆರೆ ಎಳೆಯಿತು. ಊರವರು ತಲೆತಲಾಂತರದಿಂದ ತರುತ್ತಿದ್ದ ಸೊಪ್ಪು, ಕಟ್ಟಿಗೆ, ಮೇವು ಅಪ್ಪಣೆಯ ವಸ್ತುಗಳಾದವು. 1939ರಲ್ಲಿ ಮೈಸೂರು ಸಂಸ್ಥಾನದ ತುರುವನೂರಿನಲ್ಲಿ ಜನ ಈಚಲು ಮರ ಕಡಿದು ಅರಣ್ಯ ಸತ್ಯಾಗ್ರಹ ಮಾಡಿದರು, ಎಸ್. ನಿಜಲಿಂಗಪ್ಪನವರು ಆ ಹೋರಾಟದಲ್ಲಿ ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೂ ಗೆರೆ ಅಳಿಯಲಿಲ್ಲ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಗೆ 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕೊಡುವ ಏರ್ಪಾಡಾಯಿತು. ಒಂದು ಹೊರೆ ತಂದ ಬಡವಿಗೆ ದಂಡ, ಗುಡ್ಡ ಪೂರಾ ತೆಗೆದುಕೊಂಡವರಿಗೆ ಒಪ್ಪಂದ! 1987ರ ನವೆಂಬರ್ 14ರಂದು ಆಗಿನ ನಮ್ಮ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಅದಕ್ಕೆ ಕಿತ್ತಿಕೋ ಹಚ್ಚಿಕೋ ಎಂದು ಹೆಸರಾಯಿತು. ಆ ಜನ ಕಾಡು ಬರಿದು ಮಾಡಲು ಹೊರಟಿರಲಿಲ್ಲ. ಮೇವು, ಉರುವಲು ಕೊಡುವ ಗಿಡ ಅವರಿಗೆ ಬೇಕಿತ್ತು.

ಇನ್ನು ನಮ್ಮ ಗದಗ ಜಿಲ್ಲೆಯ ಮಾತು. ಕಪ್ಪತಗುಡ್ಡ ಗಣಿಯ ಪಾಲಾಗಬಾರದೆಂದು ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಬೀದಿಗಿಳಿದರು. 2015ರಲ್ಲಿ ಕೊಟ್ಟ ಸಂರಕ್ಷಿತ ಪ್ರದೇಶದ ಸ್ಥಾನವನ್ನು 2016ರಲ್ಲಿ ಸರ್ಕಾರ ಹಿಂದಕ್ಕೆ ಪಡೆಯಿತು. ಜನ ಎದ್ದು ನಿಂತರು, 2017ರಲ್ಲಿ ಅದು ಮರಳಿ ಬಂತು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಮರುವರ್ಷ ಗುಡ್ಡ ವನ್ಯಜೀವಿಧಾಮವಾಯಿತು. ಮಠವೊಂದು ಗುಡ್ಡದ ಪರ ನಿಂತದ್ದು ನಮ್ಮ ಹೆಮ್ಮೆ.

ಆ ಹೆಮ್ಮೆಯ ಜೊತೆಗೆ ಒಂದು ಹೊಣೆಯೂ ಬಂದಿದೆ. ವನ್ಯಜೀವಿಧಾಮದಲ್ಲಿ ಅಪ್ಪಣೆಯಿಲ್ಲದೆ ಏನನ್ನೂ ತರುವಂತಿಲ್ಲ. ಗುಡ್ಡದ ಬುಡದ ತಾಂಡಾದ, ಹಳ್ಳಿಯ ತಾಯಿಗೆ ಒಲೆ ಉರಿಯಬೇಕು. 2016ರಿಂದ ಉಜ್ವಲಾ ಗ್ಯಾಸು ಮನೆಗಳಿಗೆ ಬಂದಿದೆ, ನಿಜ. ಸಿಲಿಂಡರ್ ತುಂಬಿಸಲು ದುಡ್ಡಿಲ್ಲದ ತಿಂಗಳು ಅವಳು ಮತ್ತೆ ಒಲೆಯ ಮುಂದೆ ಕೂರುತ್ತಾಳೆ. 2006ರ ಅರಣ್ಯ ಹಕ್ಕು ಕಾಯ್ದೆ ಪೊದೆ ಕಟ್ಟಿಗೆ, ಬೊಡ್ಡೆಗಳನ್ನು ಕಿರು ಅರಣ್ಯ ಉತ್ಪನ್ನದಲ್ಲಿ ಸೇರಿಸಿದೆ. ಹಕ್ಕು ಕೇಳುವ ದಾರಿ ಗ್ರಾಮಸಭೆಯಿಂದ ಶುರುವಾಗುತ್ತದೆ. ಗುಡ್ಡಕ್ಕಾಗಿ ದನಿ ಎತ್ತಿದ ನಾವು ಆ ತಾಯಿಯ ಅರ್ಜಿ ಬರೆದುಕೊಡಲು ಹೋಗಬೇಡವೇ? ಗುಡ್ಡ ಉಳಿಸಿದ ಪುಣ್ಯ ನಮಗೆ, ಅದರ ಕಷ್ಟ ಅವಳಿಗೆ ಎಂದಾದರೆ ಅದು ಶರಣರು ಒಪ್ಪುವ ಲೆಕ್ಕವಲ್ಲ.

ನಾವು ಇಲ್ಲಿಯೇ ಮಾಡಬಹುದಾದ ಮೂರು ಕೆಲಸ ಹೇಳುತ್ತೇನೆ.

ಒಂದು, ಜಾತ್ರೆಯ ದಾಸೋಹಕ್ಕೆ ಬರುವ ಕಟ್ಟಿಗೆಗೆ ಲೆಕ್ಕದ ಪುಸ್ತಕ ಇಡೋಣ. ಅಕ್ಕಿ, ಬೇಳೆ ಕೊಟ್ಟವರ ಹೆಸರು ಬರೆಯುವಂತೆ ಕಟ್ಟಿಗೆ ಬಂದ ಜಾಗ, ಪರವಾನಗಿ ಚೀಟಿ, ಕಡಿದವರಿಗೆ ಕೊಟ್ಟ ಕೂಲಿ ಬರೆಯೋಣ. ಚೀಟಿಯಿಲ್ಲದ ಕಾಡಿನ ಕಟ್ಟಿಗೆ ದಾಸೋಹದ ಒಲೆಗೆ ಬೇಡ.

ಎರಡು, ಹತ್ತಿರ ಇರುವುದನ್ನು ಬಳಸೋಣ. ಬಳ್ಳಾರಿ ಜಾಲಿ ಹಳ್ಳದ ದಂಡೆ, ಬೀಳು ನೆಲವನ್ನು ನುಂಗುತ್ತಿದೆ. ಕಡಿದಷ್ಟೂ ಚಿಗುರುತ್ತದೆ, ಉರಿಯೂ ಗಟ್ಟಿ. ನೆಲ ಯಾರದೋ ಅವರನ್ನು ಕೇಳಿ, ಪಂಚಾಯಿತಿಯದಾದರೆ ಬರಹದಲ್ಲಿ ಅನುಮತಿ ಪಡೆದು, ಯುವಕರು ದಿನಕ್ಕೆ ಒಂದು ಹೊತ್ತು ಕೊಡಲಿ ಹಿಡಿಯಲಿ. ಕೈಗೆ ಬೊಬ್ಬೆ ಬರಲಿ, ಅದೂ ಲಿಂಗಪೂಜೆಯೇ.

ಮೂರು, ಉರಿಸುವುದನ್ನು ಕಡಿಮೆ ಮಾಡೋಣ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಉರಿಸಿದರೆ ಉರಿ ನೀರು ಒಣಗಿಸಲು ಹೋಗುತ್ತದೆ, ಹೊಗೆ ಅಡುಗೆ ಮಾಡುವ ತಾಯಂದಿರ ಕಣ್ಣಿಗೆ ಹೋಗುತ್ತದೆ. ಚಳಿಗಾಲದಲ್ಲಿ ಕಡಿದು, ಸೀಳಿ, ನೆಲಕ್ಕೆ ತಾಗದಂತೆ ಒಟ್ಟಿ, ಬೇಸಿಗೆಯ ಬಿಸಿಲು ಕುಡಿಸಿ, ಮಳೆಗೆ ಮುಂಚೆ ಮುಚ್ಚಿಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯಂಥ ಚಿಮಣಿ ಒಲೆಯನ್ನು ದಾಸೋಹದ ಮನೆಯಲ್ಲಿ ಕಟ್ಟಿಸೋಣ.

ದಾಸೋಹ ಎಂದರೆ ಎಲೆಗೆ ಬಡಿಸಿದ ಅನ್ನ ಮಾತ್ರವಾಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ಆ ಅನ್ನದ ಹಿಂದೆ ಒಬ್ಬರ ಹೆಗಲಿದೆ, ಒಂದು ಮರವಿದೆ. ಬರುವ ಜಾತ್ರೆಯ ಸಭೆಯಲ್ಲಿ ಕಟ್ಟಿಗೆಯ ಪುಸ್ತಕದ ಮೊದಲ ಹಾಳೆಯನ್ನು ಓದಿ ಹೇಳುವಂತಾಗಲಿ ಎಂದು ಹಿರಿಯರಲ್ಲಿ ಕೇಳಿಕೊಂಡು ಮಾತು ಮುಗಿಸುತ್ತೇನೆ.