ಕೆಮ್ಮಣ್ಣು ಮತ್ತು ಗೆಜೆಟಿಯರ್

ಚೇಳೂರಿನ ಹಲಸಿನ ಮರದಡಿ, ಪಠ್ಯಪುಸ್ತಕದೊಳಗೆ ಅಡಗಿಸಿಕೊಂಡು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿದವನು ನಾನು. ಷರ್ಲಾಕ್ ಹೋಮ್ಸ್ ದೊರೆತುದು ಕಾಲೇಜಿನಲ್ಲಿ. 1887ರಿಂದ 1927ರವರೆಗೆ ಹೊರಬಂದ ಆ ನಾಲ್ಕು ಕಾದಂಬರಿ, ಐವತ್ತಾರು ಕಥೆಗಳನ್ನು ನಿವೃತ್ತಿಯ ಬಳಿಕ ಅನುಕ್ರಮವಾಗಿ ಓದಹೊರಟೆ.

ಎರಡನೆಯದರಲ್ಲೇ ತಡೆಯಿತು. 1890ರ ‘ದಿ ಸೈನ್ ಆಫ್ ಫೋರ್’. ವ್ಯಾಟ್ಸನ್ನನ ಬೂಟಿಗೆ ಅಂಟಿದ ಕೆಮ್ಮಣ್ಣನ್ನು ಕಂಡೇ ಆತ ಯಾವ ಅಂಚೆಕಚೇರಿಗೆ ಹೋಗಿದ್ದನೆಂದು ಹೇಳಬಲ್ಲ ಹೋಮ್ಸ್, ಅಂಡಮಾನಿನ ಟೊಂಗನ ವಿಷಯ ಬಂದಾಗ ಗೆಜೆಟಿಯರ್ ತೆಗೆದು, ಆ ದ್ವೀಪದವರು ವಿಕಾರರು, ನರಭಕ್ಷಕರು ಎಂದು ಓದಿ ನಂಬಿಬಿಡುತ್ತಾನೆ! ಗೆಳೆಯನಿಗೆ ನಿಷ್ಠನಾಗಿದ್ದ ಟೊಂಗ ಥೇಮ್ಸ್ ನದಿಯಲ್ಲಿ ಗುಂಡಿಗೆ ಬಲಿಯಾಗುತ್ತಾನೆ. ಈ ಕಥೆಯನ್ನು ತರಗತಿಗಳಲ್ಲಿ ನಾನೇ ರಸವತ್ತಾಗಿ ಹೇಳಿದ್ದೆ, ಹುಡುಗರು ನಕ್ಕಿದ್ದರು. ನಾನೂ ಗೆಜೆಟಿಯರನ್ನೇ ನಂಬಿದ್ದೆನಲ್ಲವೆ?

ಕಾನನ್ ಡಾಯ್ಲರಾದರೋ ಮುಂದೆ ಒಬ್ಬನನ್ನು ಕಣ್ಣಾರೆ ನೋಡಿದರು. ಜಾರ್ಜ್ ಎಡಲ್ಜಿ ಎಂಬ ವಕೀಲ; ತಂದೆ ಮುಂಬಯಿಯ ಪಾರ್ಸಿ ಮೂಲದ ಪಾದ್ರಿ. ರಾತ್ರಿ ಕುದುರೆಯನ್ನು ಇರಿದನೆಂದು 1903ರಲ್ಲಿ ಏಳು ವರ್ಷಗಳ ಸಜೆ. ಮೂರು ವರ್ಷಗಳಲ್ಲಿ ಬಿಡುಗಡೆಯಾದ ಆತನನ್ನು ಹೋಟೆಲೊಂದರಲ್ಲಿ ಕಾಣಹೋದಾಗ, ವೃತ್ತಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡಂತೆ ಹಿಡಿದು ಓದುತ್ತಿದ್ದ. ಡಾಯ್ಲರು ಕಣ್ಣಿನ ವೈದ್ಯವನ್ನೂ ಕಲಿತವರು. ಇಂಥ ಮಂದದೃಷ್ಟಿಯವನು ಕತ್ತಲಲ್ಲಿ ಹೊಲಗಳನ್ನು ದಾಟಿ ಹೋದನೆಂದರೆ ನಂಬುವುದೆಂತು? ಪತ್ರಿಕೆಗಳಲ್ಲಿ ಬರೆದರು, ಸರಕಾರವನ್ನು ಬಿಡದೆ ಕಾಡಿದರು. 1907ರಲ್ಲಿ ಎಡಲ್ಜಿಗೆ ಕ್ಷಮಾದಾನ ದೊರೆಯಿತು; ಪರಿಹಾರವೆಂದು ಒಂದು ಕಾಸೂ ದೊರೆಯಲಿಲ್ಲ.