ಮಾರ್ಟ್‌ಗೇಜ್ ಎಂಬ ಸತ್ತ ಒತ್ತೆ



ನಮ್ಮಲ್ಲಿ ಅನೇಕರು ಹಗಲೆಲ್ಲ ಇಂಗ್ಲಿಷ್ ಕಾಗದಪತ್ರಗಳ ನಡುವೆಯೇ ಇರುವವರು. ಕೆಲವರು ಅವನ್ನು ಟೈಪು ಮಾಡುತ್ತಾರೆ. ಕೆಲವರು ಓದದೆಯೇ ಅವುಗಳ ಕೆಳಗೆ ರುಜು ಹಾಕುತ್ತಾರೆ. ಅಂಥ ಕಾಗದಗಳಲ್ಲಿ ಬರುವ ಒಂದೇ ಒಂದು ಮಾತನ್ನು ಇಂದು ಬಿಡಿಸಿ ನೋಡೋಣ: ಮಾರ್ಟ್‌ಗೇಜ್. ನಡುವಿನ ‘ಟ’ಕಾರವನ್ನು ಇಂಗ್ಲಿಷರು ಬರೆಯುತ್ತಾರೆ, ಉಚ್ಚರಿಸುವುದಿಲ್ಲ.

ಇದು ಹಳೆಯ ಫ್ರೆಂಚಿನ ಜೋಡುಮಾತು. ‘ಮಾರ್ಟ್’ ಎಂದರೆ ಸತ್ತದ್ದು. ಶವಾಗಾರಕ್ಕೆ ಮಾರ್ಚುರಿ ಎನ್ನುವುದೂ ಇದೇ ಬೇರಿನಿಂದ. ಸಂಸ್ಕೃತದ ಮೃತ, ಮರಣಗಳಿಗೆ ಇದು ದೂರದ ದಾಯಾದಿ. ‘ಗೇಜ್’ ಎಂದರೆ ಒತ್ತೆ. (ರೈಲಿನ ಬ್ರಾಡ್‌ಗೇಜಿನ ಗೇಜು ಬೇರೆ; ಅದು ಅಳತೆ.)

ಈ ಗೇಜಿಗೆ ಒಂದು ಅವಳಿ ಇದೆ. ಉತ್ತರ ಫ್ರಾನ್ಸಿನವರು ‘ವ’ ಎನ್ನುತ್ತಿದ್ದ ಕಡೆ ಉಳಿದವರು ‘ಗ’ ಎನ್ನುತ್ತಿದ್ದರು. ಇಂಗ್ಲಿಷು ಎರಡನ್ನೂ ಎತ್ತಿಕೊಂಡಿತು. ವಾರಂಟಿ–ಗ್ಯಾರಂಟಿ, ವಾರ್ಡನ್–ಗಾರ್ಡಿಯನ್ ಹೀಗಾದ ಜೋಡಿಗಳು. ಹಾಗೆಯೇ ಗೇಜಿನ ಜೋಡಿ ವೇಜ್, ಎಂದರೆ ನಾವು ಎಣಿಸಿ ಜೇಬಿಗೆ ಹಾಕುವ ಕೂಲಿ! ಕೊಡುತ್ತೇನೆಂದು ಧಣಿ ಇಟ್ಟ ಒತ್ತೆಯೇ ಕಾಲಕ್ರಮದಲ್ಲಿ ಸಂಬಳವಾಯಿತು.

ಇರಲಿ, ಒತ್ತೆ ಸತ್ತದ್ದು ಹೇಗೆ? ಗ್ಲಾನ್‌ವಿಲ್ಲನ ಹೆಸರಿನಲ್ಲಿರುವ 12ನೆಯ ಶತಮಾನದ ಇಂಗ್ಲಿಷ್ ಕಾನೂನು ಗ್ರಂಥದಲ್ಲಿ ಇದಕ್ಕೆ ಉತ್ತರವಿದೆ. ಒತ್ತೆಯಿಟ್ಟ ಜಮೀನಿನ ಉತ್ಪನ್ನ ಸಾಲಕ್ಕೆ ವಜಾ ಆಗದಿದ್ದರೆ ಅದು ಸತ್ತ ಒತ್ತೆ. 15ನೆಯ ಶತಮಾನದ ಲಿಟಲ್‌ಟನ್ ಬೇರೆ ಅರ್ಥ ಹೇಳಿದ: ಸಾಲ ತೀರದಿದ್ದರೆ ಜಮೀನು ಸಾಲಗಾರನ ಪಾಲಿಗೆ ಸತ್ತಂತೆ, ತೀರಿದರೆ ಹಣ ಕೊಟ್ಟವನ ಪಾಲಿಗೆ ಸತ್ತಂತೆ. ಮಾತು ಚಮತ್ಕಾರವಾಗಿದೆ. ನನಗೆ ಮಾತ್ರ ಹಳೆಯ ಅರ್ಥವೇ ಹಿಡಿಸುತ್ತದೆ. ಏಕೆಂದರೆ ಅದು ನಮ್ಮ ಊರುಗಳ ಭೋಗ್ಯದ ಕಥೆ.

ಸಾವಿರ ರೂಪಾಯಿಗೆ ಹೊಲವನ್ನು ಭೋಗ್ಯಕ್ಕೆ ಬಿಟ್ಟೆವೆನ್ನಿ. ಹಣ ಕೊಟ್ಟಾತ ಹತ್ತು ಬೆಳೆ ಉಂಡರೂ ಅದು ಬಡ್ಡಿಗೆ ಸಂದಿತು ಎನ್ನುತ್ತಾನೆ; ಸಾಲ ಸಾವಿರವೇ ಉಳಿಯುತ್ತದೆ. ಇಲ್ಲಿಂದ ಕಳಿಸಿದ ಮನಿಆರ್ಡರಿನ ಹಣವೂ ಆ ಬಾಯಿಗೆ ಸಾಲದು! ಆದರೆ ಭೋಗ್ಯವೆಂದರೆ ಹೀಗೆಯೇ ಇರಬೇಕೆಂದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 58ನೆಯ ಕಲಮಿನಲ್ಲಿ ಎರಡು ದಾರಿಗೂ ಅವಕಾಶವಿದೆ: ಉತ್ಪನ್ನ ಬಡ್ಡಿಯ ಬದಲಿಗೆ ಸಲ್ಲಬಹುದು, ಸಾಲದ ಹಣಕ್ಕೇ ಸಲ್ಲಬಹುದು, ಭಾಗಶಃ ಎರಡಕ್ಕೂ ಸಲ್ಲಬಹುದು. ಯಾವುದೆಂಬುದು ಪತ್ರದ ಒಂದು ಸಾಲಿನಲ್ಲಿ ಅಡಗಿರುತ್ತದೆ.

ಅದೇ ಕಾಯಿದೆಯ 60ನೆಯ ಕಲಮು ಒತ್ತೆ ಬಿಡಿಸಿಕೊಳ್ಳುವ ಹಕ್ಕನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ರಿಡೀಮ್ ಎಂಬ ಮಾತು. ಲ್ಯಾಟಿನ್ನಿನಲ್ಲಿ ‘ರೆ’ ಎಂದರೆ ಮರಳಿ, ‘ಎಮೆರೆ’ ಎಂದರೆ ಕೊಳ್ಳುವುದು. ಎರಡು ಸ್ವರಗಳು ಡಿಕ್ಕಿಯಾಗದಿರಲೆಂದು ನಡುವೆ ಒಂದು ‘ಡ’ಕಾರ ನಿಂತಿದೆ, ನಮ್ಮ ಆಗಮಸಂಧಿಯಲ್ಲಿ ಯಕಾರ ವಕಾರಗಳು ನಿಲ್ಲುವಂತೆ.

ಊರಿನಲ್ಲಿ ಹೊಲ ಭೋಗ್ಯಕ್ಕಿರುವವರು ಪತ್ರದ ನಕಲು ತರಿಸಿ, ಉತ್ಪನ್ನ ಯಾವುದಕ್ಕೆ ಸಲ್ಲುತ್ತದೆಂಬ ಆ ಸಾಲನ್ನು ಮೊದಲು ಹುಡುಕಿರಿ. ಹೊಸದಾಗಿ ಭೋಗ್ಯಕ್ಕೆ ಬಿಡುವವರಿದ್ದರೆ, ಅಪ್ಪನವರು ಹೆಬ್ಬೆಟ್ಟು ಒತ್ತುವ ಮೊದಲೇ ಅದನ್ನು ಬರೆಯಿಸಿರಿ.